ನಾಮಿನಿ ಯಾರು, ವಾರಸುದಾರರು ಯಾರು?

ಜೀವವಿಮೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗಾಗಿ ವಿಮಾ ಯೋಜನೆ ಆರಂಭಿಸಿತ್ತು. 1956ರಲ್ಲಿ ಜೀವ ವಿಮಾ ನಿಗಮ ಸ್ಥಾಪನೆಯಾದ ಮೇಲೆ ದೇವರಗುಡ್ಡ, ಬ್ಯಾಡಗಿಯಂತಹ ಊರುಗಳಿಗೂ ಪಾಲಿಸಿ ಕ್ರಮೇಣ ತಲುಪಿತು. ಆದರೆ ಅದರೊಂದಿಗೆ ಬಂದ 'ನಾಮಿನಿ' ಎಂಬ ಪದದ ಅರ್ಥ ನಮ್ಮಲ್ಲಿ ಅನೇಕರಿಗೆ ಇನ್ನೂ ಸ್ಪಷ್ಟವಾಗಿಲ್ಲ. ಹೆಸರಿದ್ದವನೇ ಹಣದ ಒಡೆಯನೆಂದು ನಾವು ನಂಬಿದ್ದೇವೆ. ತಂದೆಯ ಮರಣಾನಂತರ ಅಣ್ಣ ಹಣ ಪಡೆದು ಸುಮ್ಮನಾಗುವುದು, ತಂಗಿಯರು ಕೇಳಲು ಸಂಕೋಚಪಡುವುದು ಈ ನಂಬಿಕೆಯಿಂದಲೇ.

1938ರ ವಿಮಾ ಕಾಯ್ದೆಯ 39ನೇ ಕಲಮು ನಾಮಿನಿಯನ್ನು ಹೆಸರಿಸಲು ಅವಕಾಶ ಕೊಟ್ಟಿತು. ಆತನ ಹಕ್ಕು ಎಷ್ಟೆಂಬ ಬಗ್ಗೆ ಹೈಕೋರ್ಟುಗಳಲ್ಲಿ ಒಮ್ಮತವಿರಲಿಲ್ಲ. 1983ರ ಡಿಸೆಂಬರಿನಲ್ಲಿ ಸರಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಗೆಹರಿಸಿತು. ಮೃತನ ಪತ್ನಿ ನಾಮಿನಿಯಾಗಿದ್ದಳು. ತಾಯಿ ಮತ್ತು ಮಗ ಪಾಲು ಕೇಳಿದ್ದರು. ನಾಮಿನಿ ಹಣವನ್ನು ಸ್ವೀಕರಿಸುವ ಕೈ ಮಾತ್ರ, ಹಣ ಸೇರಬೇಕಾದದ್ದು ವಾರಸುದಾರರಿಗೆ ಎಂಬುದು ತೀರ್ಪಿನ ಸಾರ. ಅದನ್ನು ಬರೆದವರು ನಮ್ಮ ಮಂಡ್ಯ ಜಿಲ್ಲೆಯವರೇ ಆದ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯನವರು.

2015ರ ತಿದ್ದುಪಡಿ ಮತ್ತೆ ಗೊಂದಲ ತಂದಿತು. ತಂದೆತಾಯಿ, ಪತಿಪತ್ನಿ, ಮಕ್ಕಳು ನಾಮಿನಿಯಾದರೆ ಹಣದ ಲಾಭವೂ ಅವರದೇ ಎಂದು ಅದು ಹೇಳಿತು. ಒಡಹುಟ್ಟಿದವರು ಆ ಪಟ್ಟಿಯಲ್ಲಿಲ್ಲ. ಹಾಗಾದರೆ ಒಬ್ಬ ಮಗನನ್ನಷ್ಟೇ ಹೆಸರಿಸಿದರೆ ಉಳಿದ ಮಕ್ಕಳ ಗತಿ? 2025ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂತಹದೇ ಪ್ರಶ್ನೆ ಬಂತು. ಮದುವೆಗೆ ಮುಂಚೆ ತಾಯಿಯನ್ನು ಹೆಸರಿಸಿದ್ದವನು ನಂತರ ಅದನ್ನು ಬದಲಿಸದೆ ತೀರಿಕೊಂಡಿದ್ದ. ವಾರಸುದಾರರು ಹಕ್ಕು ಮಂಡಿಸಿದರೆ ಉತ್ತರಾಧಿಕಾರದ ಕಾನೂನೇ ಮೇಲು ಎಂದ ಪೀಠ ತಾಯಿ, ಪತ್ನಿ, ಮಗನಿಗೆ ತಲಾ ಮೂರನೇ ಒಂದು ಪಾಲು ಕೊಟ್ಟಿತು.

ಉತ್ತರಾಧಿಕಾರದ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಂದೆಯ ಸ್ವಂತ ಗಳಿಕೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಶರೀಅತ್‌ನಂತೆ ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು ಭಾಗ. ಗಂಡು ಹೆಣ್ಣು ಮಕ್ಕಳಿಬ್ಬರೂ ಇದ್ದರೆ ಉಳಿದುದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು. ಪಾಲು ಹೆಚ್ಚು ಕಡಿಮೆ ಇರಬಹುದು, ಆದರೆ ಎರಡರಲ್ಲಿಯೂ ಮಗಳ ಪಾಲು ಶೂನ್ಯವಲ್ಲ. ನಾಮಿನಿ ಬರೆಸುವುದು ವಸಿಯತ್ತೂ ಅಲ್ಲ.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟೆ: ಮದುವೆಯಾದಾಗ, ಮಕ್ಕಳಾದಾಗ ಪಾಲಿಸಿಯ ಹೆಸರುಗಳನ್ನು ಮತ್ತೆ ನೋಡುವುದು, ಹಣ ಕೈಗೆ ಬಂದವರು ಅದನ್ನು ಅಮಾನತ್ತೆಂದು ತಿಳಿದು ಹಂಚುವುದು. ಪಾಲು ಕೇಳುವ ಸಹೋದರಿ ತವರಿನ ಶತ್ರುವಲ್ಲ. ಆಕೆ ಕೇಳುವ ಮೊದಲೇ ಕೊಟ್ಟರೆ ನ್ಯಾಯಾಲಯದ ಮೆಟ್ಟಿಲೂ ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ.