ಆತ್ಮರಕ್ಷಣೆ: ಹೊಲದ ಬದುವಿನಿಂದ ಚಟಾನ್‌ಪಲ್ಲಿ ಸೇತುವೆಗೆ

ರಾಯಚೂರಿನಿಂದ ಹೈದರಾಬಾದಿಗೆ ಹೊರಟವರು ಶಕ್ತಿನಗರ ದಾಟಿ, ಕೃಷ್ಣಾ ಸೇತುವೆ ಹಾಯ್ದು, ಮಕ್ತಲ್ ಮತ್ತು ಮಹಬೂಬ್‌ನಗರದ ಮೇಲೆ ಶಾದ್‌ನಗರ ತಲುಪುತ್ತಾರೆ. ಅಲ್ಲೇ ಹೆದ್ದಾರಿಯ ಚಟಾನ್‌ಪಲ್ಲಿ ಸೇತುವೆಯ ಹತ್ತಿರ 2019ರ ಡಿಸೆಂಬರ್ 6ರ ನಸುಕಿನಲ್ಲಿ ನಾಲ್ವರು ಪೊಲೀಸರ ಗುಂಡಿಗೆ ಸತ್ತರು. ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ಆರೋಪ ಹೊತ್ತಿದ್ದ ಅವರು ಮಕ್ತಲ್ ಸುತ್ತಲಿನ ಹಳ್ಳಿಗಳವರು, ಅಂದರೆ ರಾಯಚೂರಿನ ಮಟ್ಟಿಗೆ ಹೊಳೆಯಾಚೆಯ ನೆರೆಯವರು. ಸೈಬರಾಬಾದ್ ಪೊಲೀಸ್ ಕಮಿಷನರ್ ಆಗಿದ್ದ ವಿ.ಸಿ. ಸಜ್ಜನರ್ ಹುಬ್ಬಳ್ಳಿಯವರು. ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿಗಳು ಪಿಸ್ತೂಲು ಕಸಿದುಕೊಂಡು ಹಲ್ಲೆಗಿಳಿದರು, ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತು ಎಂದು ಪೊಲೀಸರು ಹೇಳಿದರು. ಜನ ಅವರ ಮೇಲೆ ಹೂ ಸುರಿದರು.

ಕೊಂದವನೇ ಕಾನೂನಿನ ಆಸರೆ ಕೇಳುವ ಈ ಹಕ್ಕು ಭಾರತದಲ್ಲಿ ಹುಟ್ಟಿದ್ದು ಪೊಲೀಸರಿಗಾಗಿ ಅಲ್ಲ. ಮೆಕಾಲೆ ನೇತೃತ್ವದ ಕಾನೂನು ಆಯೋಗ 1837ರಲ್ಲಿ ದಂಡ ಸಂಹಿತೆಯ ಕರಡು ಸಿದ್ಧಪಡಿಸುವಾಗ ಈ ದೇಶದ ಜನ ದರೋಡೆಕೋರರ ಮುಂದೆ ತೀರಾ ತಲೆಬಾಗುತ್ತಾರೆ, ಅವರಿಗೆ ಧೈರ್ಯ ತುಂಬಬೇಕು ಎಂದು ಬರೆಯಿತು. ಆಳುವವರ ದೊಡ್ಡಸ್ತಿಕೆ ಅದರಲ್ಲಿ ಇಣುಕುತ್ತದೆ, ನಿಜ. ಆದರೆ 1860ರ ಸಂಹಿತೆಯ 96ರಿಂದ 106ರವರೆಗಿನ ಸೆಕ್ಷನ್‌ಗಳು ಸಾಮಾನ್ಯನ ಕೈಗೆ ದೊಡ್ಡ ಅಧಿಕಾರವನ್ನೇ ಕೊಟ್ಟವು. ಪ್ರಾಣಾಪಾಯ, ಅತ್ಯಾಚಾರ, ಅಪಹರಣದಂಥ ಸಂದರ್ಭಗಳಲ್ಲಿ ಎದುರಾಳಿಯ ಜೀವ ಹೋದರೂ ಅಪರಾಧವಲ್ಲ ಎಂದಿತು ಸೆಕ್ಷನ್ 100. ಆಸಿಡ್ ದಾಳಿ ಈ ಪಟ್ಟಿಗೆ ಸೇರಿದ್ದು 2013ರಲ್ಲಿ. ಹಿಂದೆಯೇ ಸೆಕ್ಷನ್ 99 ಕಡಿವಾಣ ಹಾಕಿತು: ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟು ಕೊಡುವಂತಿಲ್ಲ.

ರಾಯಚೂರಿಗೆ ಈ ಸಂಹಿತೆ ತಡವಾಗಿ ಬಂತು. 1948ರ ಸೆಪ್ಟೆಂಬರ್‌ವರೆಗೆ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. ಭಾರತೀಯ ದಂಡ ಸಂಹಿತೆ ಇಲ್ಲಿ ಜಾರಿಯಾದದ್ದು 1951ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಈ ಸೀಮೆಯ ಜನ ಆತ್ಮರಕ್ಷಣೆಯನ್ನು ಕಲಿತದ್ದು ಪುಸ್ತಕದಿಂದಲ್ಲ, ನಿಜಾಮರ ಪರ ನಿಂತ ರಜಾಕಾರ ಪಡೆಯ ಕಾಟದಿಂದ. ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದ ಕೊಪ್ಪಳ ಭಾಗದ ಅಳವಂಡಿ ಶಿವಮೂರ್ತಿಸ್ವಾಮಿಗಳು ಗಡಿಯಾಚೆ ಮುಂಡರಗಿ ಶಿಬಿರದಿಂದ ಸಶಸ್ತ್ರ ಹೋರಾಟ ನಡೆಸಿದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಕಥೆ ತಿರುಗಿತು. ನೆರೆಯ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ದಾಖಲಿಸಿತು. ನಿನ್ನೆ ರಕ್ಷಣೆ ಎನಿಸಿದ್ದು ಇಂದು ಸೇಡಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಆತ್ಮರಕ್ಷಣೆ ಕುರಿತು ಸ್ವತಂತ್ರ ಭಾರತದ ಆರಂಭದ ದೊಡ್ಡ ತೀರ್ಪುಗಳಲ್ಲೊಂದು ಬಂದೂಕಿನದ್ದೇ. 1950ರಲ್ಲಿ ಮಧ್ಯಪ್ರದೇಶದ ಕಟನಿಯಲ್ಲಿ ಕೋಮುಗಲಭೆ. ಗುಂಪು ಪಕ್ಕದ ಅಂಗಡಿಯನ್ನು ಲೂಟಿ ಮಾಡಿ ಅಮ್ಜದ್ ಖಾನ್ ಎಂಬ ವ್ಯಾಪಾರಿಯ ಬಾಗಿಲಿಗೆ ಲಾಠಿಯಿಂದ ಬಡಿಯತೊಡಗಿತ್ತು. ಅವನು ಹಾರಿಸಿದ ಗುಂಡಿಗೆ ಒಬ್ಬ ಸತ್ತ, ಕೆಲವರು ಗಾಯಗೊಂಡರು. ಕೆಳಗಿನ ಕೋರ್ಟುಗಳು ಕೊಲೆ ಎಂದವು. 1952ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಅವನನ್ನು ಬಿಡುಗಡೆ ಮಾಡಿ, ಜೀವಭಯದಲ್ಲಿರುವವನ ಪೆಟ್ಟನ್ನು ಚಿನ್ನದಂತೆ ಗುಲಗಂಜಿ ಲೆಕ್ಕದಲ್ಲಿ ತೂಗಲಾಗದು ಎಂಬ ಅರ್ಥದ ಮಾತು ಬರೆದರು. ಹತ್ತು ವರ್ಷಗಳ ನಂತರ ಜೈದೇವ್ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೊಂದು ಮಗ್ಗುಲು ತೋರಿಸಿತು. ಅದು ಪಂಜಾಬಿನ ಹೊಲದ ಜಗಳ. ಎದುರಾಳಿಗಳು ಓಡಿಹೋಗುತ್ತಿದ್ದಾಗಲೂ ಗುಂಡು ಹಾರಿಸಲಾಗಿತ್ತು. ಅಪಾಯ ತೀರಿದ ಕ್ಷಣಕ್ಕೆ ಹಕ್ಕೂ ತೀರುತ್ತದೆ ಎಂದಿತು ತೀರ್ಪು.

ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಈ ಕಾನೂನು ಎದುರಾಗುವುದು ಹೆಚ್ಚಾಗಿ ಹೊಲದಲ್ಲೇ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ, ದೇವದುರ್ಗ ಕಡೆ ನಾರಾಯಣಪುರ ಬಲದಂಡೆ. ತೂಬಿನ ನೀರು, ಒತ್ತುವರಿಯಾದ ಬದು, ಅಣ್ಣತಮ್ಮಂದಿರ ಪಾಲು. ಮಾತಿಗೆ ಮಾತು ಬೆಳೆದು ಬಡಿಗೆ, ಕುಡುಗೋಲು ಮೇಲೆದ್ದರೆ ಎರಡೂ ಕಡೆಯವರು ಠಾಣೆಗೆ ಓಡುತ್ತಾರೆ. ಒಂದು ಕೇಸು, ಮೇಲೊಂದು ಕೌಂಟರ್ ಕೇಸು. ಆಗ ಇಡೀ ಪ್ರಕರಣ ನಿಲ್ಲುವುದು ತಾಲ್ಲೂಕು ಆಸ್ಪತ್ರೆ ಕೊಡುವ ಒಂದು ಹಾಳೆಯ ಮೇಲೆ, ಗಾಯದ ಸರ್ಟಿಫಿಕೇಟಿನ ಮೇಲೆ. ಆರೋಪಿಯ ಮೈಮೇಲೂ ಗಂಭೀರ ಗಾಯವಿದ್ದು, ಅದು ಹೇಗಾಯಿತೆಂದು ಪ್ರಾಸಿಕ್ಯೂಷನ್ ಹೇಳದಿದ್ದರೆ ಅದರ ಕಥೆಯನ್ನೇ ಅನುಮಾನಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟು 1976ರ ಲಕ್ಷ್ಮೀ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಗಾಯ ಬರೆಸಿಕೊಳ್ಳದೆ ಮನೆಗೆ ಹೋದವನು ತನ್ನ ಸಾಕ್ಷ್ಯವನ್ನು ತಾನೇ ಕಳೆದುಕೊಂಡಂತೆ. ಇನ್ನೊಂದು ಮಾತು: ಬರೀ ಹೊಲಕ್ಕೆ ನುಗ್ಗಿದವನನ್ನು ಕೊಲ್ಲಲು ಯಾವ ಸೆಕ್ಷನ್ನೂ ಬಿಡುವುದಿಲ್ಲ. ಆಸ್ತಿಗಾಗಿ ಜೀವ ತೆಗೆಯುವ ಹಕ್ಕು ದರೋಡೆ, ರಾತ್ರಿಯ ಮನೆಗನ್ನ, ಮನೆಗೆ ಬೆಂಕಿ ಇಂಥವಕ್ಕೆ ಮಾತ್ರ. ಇದು ತಿಳಿಯದೆ ಜೈಲು ಸೇರಿದವರು ಎಲ್ಲ ಜಿಲ್ಲೆಯಲ್ಲೂ ಸಿಗುತ್ತಾರೆ.

ಗೆದ್ದರೂ ಅದಕ್ಕೆ ಎಷ್ಟು ಕಾಲ ಬೇಕು? ಪಂಜಾಬಿನ ದರ್ಶನ್ ಸಿಂಗ್ ಪ್ರಕರಣ ನೋಡಬೇಕು. 1991ರಲ್ಲಿ ಹೊಲದಲ್ಲಿ ತಂದೆಗೆ ಗಂಡಾಸ ಎಂಬ ಕೊಡಲಿಯಂಥ ಆಯುಧದ ಪೆಟ್ಟು ಬಿದ್ದಾಗ ಮಗ ಗುಂಡು ಹಾರಿಸಿದ. ಸೆಷನ್ಸ್ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟು ನಿರ್ದೋಷಿ ಎಂದದ್ದು 2010ರಲ್ಲಿ. ರಾಯಚೂರಿನವರಿಗೆ ಮೇಲ್ಮನವಿಗೆ ಕಲಬುರಗಿ ಪೀಠ ಸಿಕ್ಕಿದ್ದೇ 2008ರಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನ ರೈಲು ಹತ್ತಬೇಕಿತ್ತು. ಹಕ್ಕು ಇದ್ದರೆ ಸಾಲದು, ಕೈಯಲ್ಲಿ ಬಲವೂ ಇರಬೇಕು ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಬಳಿ ಅಕ್ರಮ ಮರಳು ತಡೆಯಲು ಹೋದ ಗ್ರಾಮಲೆಕ್ಕಿಗರೊಬ್ಬರ ಮೇಲೆ ಲಾರಿ ಹರಿಯಿತು.

ಸಾಮಾನ್ಯನಿಗೆ ಹೀಗೆ ದಶಕಗಳ ಪರೀಕ್ಷೆ ಒಡ್ಡಿದ ಹಕ್ಕು ಪೊಲೀಸರ ಕೈಯಲ್ಲಿ ಬೇಗ ಹಗುರವಾಯಿತು. ನಕ್ಸಲರ ವಿರುದ್ಧದ ಆಂಧ್ರದ ಎನ್‌ಕೌಂಟರ್‌ಗಳಲ್ಲಿ ಸತ್ತವನ ಮೇಲೆಯೇ ಕೊಲೆ ಯತ್ನದ ಕೇಸು ಬರೆದು, ಆರೋಪಿ ಸತ್ತಿದ್ದಾನೆಂದು ಕಡತ ಮುಚ್ಚುವ ಪದ್ಧತಿ ಬೆಳೆದಿತ್ತು. ಅದನ್ನು ಪ್ರಶ್ನಿಸಿದ್ದು ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ಕನ್ನಡಿಗ ಎಂ.ಎನ್. ವೆಂಕಟಾಚಲಯ್ಯ. ಕೊಲ್ಲುವ ವಿಶೇಷ ಹಕ್ಕು ಪೊಲೀಸರಿಗಿಲ್ಲ, ಉಳಿದವರಿಗಿರುವ ರಕ್ಷಣೆಯೇ ಅವರಿಗೂ ಎಂದು 1997ರ ಮಾರ್ಚಿನಲ್ಲಿ ಅವರು ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. 2009ರಲ್ಲಿ ಆಂಧ್ರ ಹೈಕೋರ್ಟಿನ ಪೀಠ ಒಂದು ಹೆಜ್ಜೆ ಮುಂದೆ ಹೋಗಿ, ಆತ್ಮರಕ್ಷಣೆಯ ವಾದವನ್ನು ವಿಚಾರಣೆಯಲ್ಲಿ ಸಾಬೀತು ಮಾಡಬೇಕು ಎಂದಿತು. ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕೊನೆಗೆ 2014ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ, ಅದೇ ಕೋರ್ಟಿನಿಂದ 16 ಸೂತ್ರಗಳು ಬಂದವು: ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಘಟನೆಯ ಬೆನ್ನಿಗೇ ಬಡ್ತಿ ಬಹುಮಾನ ಇಲ್ಲ.

ಇದೇ ಹಕ್ಕಿನ ವಿಚಾರದಲ್ಲಿ ಅಮೆರಿಕದ ಫ್ಲಾರಿಡಾ 2005ರಲ್ಲಿ, ಹಿಂದೆ ಸರಿಯಲು ದಾರಿಯಿದ್ದರೂ ಸರಿಯಬೇಕಿಲ್ಲ ಎಂಬ ಕಾನೂನು ತಂದಿತು. 2012ರಲ್ಲಿ 17 ವರ್ಷದ ನಿರಾಯುಧ ಹುಡುಗ ಟ್ರೇವನ್ ಮಾರ್ಟಿನ್‌ನನ್ನು ಕೊಂದ ಜಾರ್ಜ್ ಜಿಮ್ಮರ್‌ಮನ್ ಮರುವರ್ಷ ಖುಲಾಸೆಯಾದಾಗ ಆ ದೇಶವೇ ಎರಡು ಪಾಲಾಗಿ ವಾದಿಸಿತು. ಅಲ್ಲಿನ ಜಗಳ ನಾಗರಿಕನ ಬಂದೂಕಿನ ಸುತ್ತ. ನಮ್ಮದು ಸರ್ಕಾರಿ ಪಿಸ್ತೂಲಿನ ಸುತ್ತ.

ಚಟಾನ್‌ಪಲ್ಲಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್‌ಪುರ್‌ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಂತು. ಆತ್ಮರಕ್ಷಣೆಯ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದ ಆಯೋಗ, ಹತ್ತು ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಲು ಶಿಫಾರಸು ಮಾಡಿತು. ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂಬುದೂ ಅದರಲ್ಲಿತ್ತು. ಹೂ ಸುರಿದ ದಿನ ಯಾರೂ ವಯಸ್ಸು ಕೇಳಿರಲಿಲ್ಲ. ಸುಪ್ರೀಂ ಕೋರ್ಟು ಮುಂದಿನ ಕ್ರಮವನ್ನು ತೆಲಂಗಾಣ ಹೈಕೋರ್ಟಿಗೆ ಬಿಟ್ಟಿತು.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ರಕ್ಷಣೆಯ ಹಕ್ಕು 34ರಿಂದ 44ರ ಸೆಕ್ಷನ್‌ಗಳಿಗೆ ಸ್ಥಳಾಂತರವಾಯಿತು, ತಿರುಳು ಹಾಗೆಯೇ ಉಳಿಯಿತು. 2014ರ ಸೂತ್ರಗಳನ್ನು ಕಾನೂನಿನೊಳಗೆ ತರುವ ಅವಕಾಶವನ್ನು ಸಂಸತ್ತು ಬಳಸಲಿಲ್ಲ. ವರ್ಷ ತುಂಬುವ ಮೊದಲೇ, 2025ರ ಏಪ್ರಿಲ್ 13ರಂದು, ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಕೊಲೆ ಆರೋಪಿಯಾಗಿದ್ದ ಬಿಹಾರದ ಕಾರ್ಮಿಕ ಮಹಿಳಾ ಪಿಎಸ್‌ಐ ಹಾರಿಸಿದ ಗುಂಡಿಗೆ ಸತ್ತ. ಬಾಲಕಿಯ ಕುಟುಂಬ ರಾಯಚೂರಿನ ಮಗ್ಗುಲ ಕೊಪ್ಪಳ ಜಿಲ್ಲೆಯದು. ತಪ್ಪಿಸಿಕೊಳ್ಳಲು ಹಲ್ಲೆ ಮಾಡಿದ, ಆತ್ಮರಕ್ಷಣೆಗೆ ಗುಂಡು ಎಂಬ ವಿವರಣೆ; ಅಧಿಕಾರಿಗೆ ಅಭಿನಂದನೆಗಳ ಸುರಿಮಳೆ. ಕೆಲವೇ ದಿನಗಳಲ್ಲಿ ಪಿಯುಸಿಎಲ್ ಹೈಕೋರ್ಟಿನ ಬಾಗಿಲು ತಟ್ಟಿತು, ತನಿಖೆ ಹುಬ್ಬಳ್ಳಿ ಪೊಲೀಸರ ಕೈಬಿಟ್ಟು ಸಿಐಡಿಗೆ ಹೋಯಿತು.