ಮಡಕೆ ಸ್ಪೀಕರು, ರಟ್ಟಿನ ಕೊಳವೆ

ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ಬಾಗಿಲಲ್ಲೇ ಹಿಡಿದುಕೊಂಡರು. "ಬಾರ್ಲಾ ಮಗ, ನಿನ್ ಕೊಳವೆ ನೀರ್ ಕುಡ್ಕಂಡು ಕುಂತೈತೆ ನೋಡು."

ಕೊಳವೆ ಅಂದರೆ ನಾನೇ ಮಾಡಿ ಬೆಂಗಳೂರಿನಿಂದ ಹೊತ್ತು ತಂದಿದ್ದ ಸ್ಪೀಕರ್. ಸಕಲೇಶಪುರ, ಆಲೂರು ಕಡೆಯ ಮಳೆ ಗೊತ್ತಿದ್ದೂ ಜಗಲಿಯಲ್ಲಿ ಬಿಟ್ಟುಹೋಗಿದ್ದು ನನ್ನ ತಪ್ಪೇ. ಬುಡದ ರಟ್ಟು ಪದರ ಪದರವಾಗಿ ಬಿಟ್ಟುಕೊಂಡು, ಮೇಲೆಲ್ಲ ಬೂಸ್ಟು ಹಿಡಿದಿತ್ತು. ಪಕ್ಕದಲ್ಲೇ ದೊಡ್ಡಪ್ಪನ ಮಡಕೆ ಸ್ಪೀಕರು ಗುಂಡಗೆ ಕೂತಿತ್ತು :)

ಮಡಕೆ ಸ್ಪೀಕರು ನೋಡಿದ್ದೀರಾ? ಟೇಪ್ ರೆಕಾರ್ಡರ್ ಮನೆಮನೆಗೆ ಬಂದ 80-90ರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಇದು ಮಾಮೂಲು. ಸೆಟ್ಟಿನ ಜೊತೆ ಬರುವ ಪುಟ್ಟ ಸ್ಪೀಕರಲ್ಲಿ ತಬಲಾ ಡಬ್ಬ ಬಡಿದ ಹಾಗೆ ಕೇಳೋದು. ಆರಿಂಚಿನ ಒಂದು ಸ್ಪೀಕರ್ ತಂದು, ಮಡಕೆಯ ಬಾಯಿಗೆ ಮೇಲ್ಮುಖವಾಗಿ ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿದರೆ ಮುಗಿಯಿತು. ದೊಡ್ಡಪ್ಪ ಒಳಗೆ ಬೂರುಗದ ಹತ್ತಿಯನ್ನೂ ತುಂಬಿದ್ದಾರೆ. ಸ್ಪೀಕರ್ ಎರಡು ಸಲ ಬದಲಾಗಿದೆ, ಮಡಕೆ ಅದೇ.

ಅದು ಕೆಲಸ ಮಾಡುವುದು ಹೇಗೆ? ಸ್ಪೀಕರಿನ ಕೋನ್ ಮುಂದೆ ಗಾಳಿಯನ್ನು ತಳ್ಳಿದಾಗ ಹಿಂದೆ ಎಳೆದುಕೊಳ್ಳುತ್ತದೆ. ಬೇಸ್ ಸದ್ದಿನ ಅಲೆಗಳು ಉದ್ದ, ಹಾಗಾಗಿ ಮುಂದಿನದೂ ಹಿಂದಿನದೂ ಬಳಸಿಕೊಂಡು ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಸದ್ದನ್ನು ಕೂಡಿಹಾಕಿದರೆ ಮುಂದಿನದು ಉಳಿಯುತ್ತದೆ. ಇಷ್ಟೇ.

ಇವತ್ತಿನ ಮಾದರಿಯ ಸ್ಪೀಕರನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಲೋಕದ ಮುಂದಿಟ್ಟಿದ್ದು 1925ರಲ್ಲಿ. ಮೈಸೂರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ 'ಆಕಾಶವಾಣಿ' ಶುರುಮಾಡಿದ್ದು ಅದಾದ ಹತ್ತು ವರ್ಷಕ್ಕೆ, 1935ರಲ್ಲಿ. ಆಗಿನ ವಾಲ್ವ್ ರೇಡಿಯೋಗಳ ಮರದ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಬೆನ್ನು ತೆರೆದೇ ಇರುತ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್, ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ತರಹ ಬಳಸಿ ಆಳವಾದ ಬೇಸ್ ತೆಗೆದರು. ತೂತಿರುವ ಪೆಟ್ಟಿಗೆಯ ಲೆಕ್ಕವನ್ನು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಬರೆದರು. ಆ ಲೇಖನ ಅಮೆರಿಕದಲ್ಲಿ ಮರುಮುದ್ರಣವಾಗಿ ಜಗತ್ತಿನ ಕಣ್ಣಿಗೆ ಬೀಳಲು 1971 ಬರಬೇಕಾಯ್ತು! ನಂತರ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಸ್ಪೀಕರ್ ತಾನೇ ಮಾಡಿಕೊಳ್ಳುವವರೆಲ್ಲ ಇವತ್ತಿಗೂ ಥೀಲ್-ಸ್ಮಾಲ್ ಅಂಕಿಗಳನ್ನೇ ನೋಡುವುದು.

ಲೆಕ್ಕ ಕೈಗೆ ಸಿಕ್ಕಮೇಲೆ ಜನ ಅಗ್ಗದ ಪೆಟ್ಟಿಗೆ ಹುಡುಕಿದರು. ಅಮೆರಿಕದಲ್ಲಿ ದುಂಡು ಕಂಬಕ್ಕೆ ಕಾಂಕ್ರೀಟ್ ಸುರಿಯಲು ದಪ್ಪ ರಟ್ಟಿನ ಕೊಳವೆ ಬಳಸುತ್ತಾರೆ, ಕಂಬ ಗಟ್ಟಿಯಾದ ಮೇಲೆ ಸುಲಿದು ಬಿಸಾಡುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಹಲಗೆ, ಕಬ್ಬಿಣದ ಶೀಟಿನ ಸೆಂಟ್ರಿಂಗ್. ಆ ಕೊಳವೆಯನ್ನು ಅಲ್ಲಿನ ಹವ್ಯಾಸಿಗಳು ಸಬ್‌ವೂಫರ್ ಮಾಡಿಕೊಂಡರು. ದುಂಡು ಗೋಡೆ ಗಾಳಿಯ ಒತ್ತಡಕ್ಕೆ ಉಬ್ಬುವುದಿಲ್ಲ, ಚಪ್ಪಟೆ ಹಲಗೆ ಅದುರುತ್ತದೆ. 25 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದದ ಕೊಳವೆಯಲ್ಲಿ ಸುಮಾರು 49 ಲೀಟರ್ ಜಾಗ. ಒಂದೇ ತೊಂದರೆ, ಆ ಉದ್ದಕ್ಕೆ 170 ಹರ್ಟ್ಸ್ ಆಸುಪಾಸಿನಲ್ಲಿ ಕೊಳವೆಯೇ ಊದತೊಡಗುತ್ತದೆ. ಬರೀ ಬೇಸ್‌ಗೆ ಇಟ್ಟುಕೊಂಡರೆ ಅಡ್ಡಿಯಿಲ್ಲ.

ಬೆಂಗಳೂರಲ್ಲಿ ಕಟ್ಟಡದ ಕೆಲಸದಲ್ಲಿ ಮಿಕ್ಕ ಅಂಥದ್ದೇ ಒಂದು ತುಂಡು ಸಿಕ್ಕಿದಾಗ ನನಗೆ ಹುಚ್ಚು ಹತ್ತಿತು. ಅಳತೆಗೆ ಕುಯ್ದ ಅಂಚುಗಳಿಗೆ ಬಣ್ಣ ಬಳಿಯಲು ಮರೆತೆ. ನೀರು ನುಗ್ಗಿದ್ದು ಅಲ್ಲಿಂದಲೇ.

ಇನ್ನೊಂದು ವಿಷಯ ಹೇಳಲೇಬೇಕು. ಇಂಜಿನಿಯರಿಂಗ್ ಓದುವಾಗ ಗೆಳೆಯರನ್ನು ಮನೆಗೆ ಕರೆದುಕೊಂಡು ಬಂದಿದ್ದೆ. ಮಡಕೆ ಸ್ಪೀಕರು ನೋಡಿ ಅವರು ನಕ್ಕರು, ಜೊತೆಗೆ ನಾನೂ ನಕ್ಕೆ. ದೊಡ್ಡಪ್ಪ ಏನೂ ಅನ್ನಲಿಲ್ಲ. ಮುಂದಿನ ರಜಕ್ಕೆ ಬಂದಾಗ ಅದು ಅಟ್ಟ ಸೇರಿತ್ತು. ಕೆಲಸಕ್ಕೆ ಸೇರಿದ ಎಷ್ಟೋ ವರ್ಷದ ಮೇಲೆ, ಕೊಳವೆಗಾಗಿ ವಿಲ್ಚರ್ ಬಗ್ಗೆ ಓದುತ್ತಾ ಕೂತಿದ್ದಾಗ ಥಟ್ಟನೆ ಹೊಳೆಯಿತು: ದುಂಡಗಿನ, ಅದುರದ, ಬಿಗಿಯಾಗಿ ಮುಚ್ಚಿದ, ಹತ್ತಿ ತುಂಬಿದ ಪೆಟ್ಟಿಗೆ. ನಾನು ನಕ್ಕಿದ್ದು ಇದಕ್ಕೇ! ಹೋದ ಬೇಸಿಗೆಯಲ್ಲಿ ಕೇಳಿ ಕೆಳಗಿಳಿಸಿದ್ದೂ ನಾನೇ.

ಹಾಗಂತ ನಮ್ಮವರು ಎಲ್ಲರಿಗಿಂತ ಮೊದಲೇ ಕಂಡುಹಿಡಿದಿದ್ದರು ಅಂತ ಎದೆ ತಟ್ಟಿಕೊಳ್ಳುವುದು ಬೇಡ. ವಿಲ್ಚರ್ ಲೆಕ್ಕ ಹಾಕಿ ಮಾಡಿದ್ದು, ಯಾರು ಬೇಕಾದರೂ ಮತ್ತೆ ಹಾಗೇ ಮಾಡಬಹುದು. ದೊಡ್ಡಪ್ಪನದು ಕಿವಿಯ ಲೆಕ್ಕ. ಮೊದಲೆರಡು ಮಡಕೆ ಸರಿಬರದೆ ನೀರು ಕಾಯಿಸಲು ಹೋದವಂತೆ.

ಕೊಳವೆಯ ಸ್ಪೀಕರನ್ನು ಬಿಚ್ಚಿಕೊಂಡು, ಭಾನುವಾರ ಇಬ್ಬರೂ ಮಡಕೆ ತರಲು ಹೋದೆವು. ನಾನು ಟೇಪು ಹಿಡಿದು ಬಾಯಿ ಅಳೆದು ಎರಡು ಆರಿಸಿದೆ. ದೊಡ್ಡಪ್ಪ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಒಂದನ್ನು ವಾಪಸ್ ಇಟ್ಟರು. ಬಿಸಿಲಿಗೆ ಹಿಡಿದು ನೋಡಿದರೆ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು.