ಗುಂಬದಿಂದ ಹೆಕ್ಸ್‌ವರೆಗೆ: ಒಂದು ಆಟಿಕೆ ಟ್ರಕ್ಕಿನ ಚಕ್ರದ ಚರಿತ್ರೆ

ಮೋಟರ್ ತಿರುಗುತ್ತೆ, ಗೇರ್ ತಿರುಗುತ್ತೆ, ಆಕ್ಸಲ್ ಕೂಡ ತಿರುಗುತ್ತೆ. ಚಕ್ರ ಮಾತ್ರ ನಿಂತಲ್ಲೇ ನಿಂತಿರುತ್ತೆ. ರಿಮೋಟ್ ಟ್ರಕ್ ಓಡಿಸೋರಿಗೆಲ್ಲ ಈ ಕಾಯಿಲೆ ಗೊತ್ತು. ಚಕ್ರ ಬಿಚ್ಚಿ ನೋಡಿದರೆ ನಡುವೆ ಇರಬೇಕಾದ ಆರು ಮೂಲೆಯ ತೂತು ಸವೆದು ದುಂಡಗಾಗಿರುತ್ತೆ. ಅದರೊಳಗೆ ಕೂರುವ ಆರು ಮೂಲೆಯ ಬಿಲ್ಲೆಗೆ ‘ಹೆಕ್ಸ್’ ಅಂತಾರೆ. ವಾರಾಂತ್ಯದಲ್ಲಿ ಇಂಥ ಟ್ರಕ್ಕುಗಳನ್ನು ಬಿಚ್ಚಿ ಜೋಡಿಸೋದು ನನ್ನ ಹವ್ಯಾಸ. ಈ ಸಣ್ಣ ತೊಂದರೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ನಮ್ಮೂರಿನ ಎತ್ತಿನ ಗಾಡಿಯಿಂದಲೇ ಶುರು ಮಾಡೋಣ. ಗಾಡಿಯ ಚಕ್ರದ ನಡುವಿನ ಗುಂಬ ಅಚ್ಚಿನ ಮೇಲೆ ಸಲೀಸಾಗಿ ತಿರುಗಬೇಕು, ಅದಕ್ಕೇ ಕೀಲೆಣ್ಣೆ. ಚಕ್ರ ಕಳಚಿ ಬೀಳದಂತೆ ತುದಿಯಲ್ಲೊಂದು ಕಡಾಣಿ. ಎಳೆಯೋದು ಎತ್ತು, ಉರುಳೋದು ಚಕ್ರ. ಅಚ್ಚು ಚಕ್ರವನ್ನು ತಿರುಗಿಸೋ ಮಾತೇ ಇಲ್ಲ. ಸಾವಿರಾರು ವರ್ಷ ಗುಂಬದ ಕೆಲಸ ಇಷ್ಟೇ ಆಗಿತ್ತು: ಭಾರ ಹೊರು, ಹಿಡಿದುಕೊಳ್ಳಬೇಡ.

1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಪಡೆದ. ಎಂಜಿನ್ನಿನ ಬಲ ಚೈನುಗಳ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಅಲ್ಲಿಗೆ ಲೆಕ್ಕ ತಲೆಕೆಳಗಾಯ್ತು. ಈಗ ಚಕ್ರವೇ ಗಾಡಿಯನ್ನು ನೂಕಬೇಕು. ಅಂದರೆ ತಿರುಗಿಸುವ ಭಾಗವನ್ನು ಚಕ್ರ ಬಿಗಿಯಾಗಿ ಹಿಡಿಯಬೇಕು, ಪಂಕ್ಚರ್ ಆದಾಗ ಬೇಗ ಬಿಚ್ಚಲೂ ಬರಬೇಕು. ಇಂಗ್ಲೆಂಡಿನ ರಡ್ಜ್-ವಿಟ್‌ವರ್ತ್ ಕಂಪನಿ ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡಿತು: ಹಲ್ಲು ಹಲ್ಲಾಗಿ ಕೂಡಿಕೊಳ್ಳುವ ಹಬ್, ಅದರ ನಡುವೆ ಒಂದೇ ದೊಡ್ಡ ನಟ್. ಬೇಗ ಕಳಚಿ ಹಾಕಬಹುದಾದ ಇಂಥ ಚಕ್ರಗಳಿಂದ ಅನ್ಯಾಯದ ಲಾಭ ಆಗುತ್ತೆ ಅಂತ 1908ರ ಫ್ರೆಂಚ್ ಗ್ರ್ಯಾಂಡ್ ಪ್ರೀ ರೇಸಿನಲ್ಲಿ ಅವನ್ನು ನಿಷೇಧಿಸಿದ್ದರು!

ಇದೇ ಸಮಸ್ಯೆ ಆಟಿಕೆಗೂ ಇಳಿದು ಬಂತು. ಜಪಾನಿನ ಟಮಿಯಾ ಕಂಪನಿ 1976ರಲ್ಲಿ ಪೋರ್ಷೆ 934ರ ರಿಮೋಟ್ ಮಾದರಿ ತಂದಿತು. ನುಣುಪು ರಸ್ತೆಯ ಕಾರು, ಪುಟ್ಟ ಚಕ್ರ. ಅತ್ತ ಅಮೆರಿಕದಲ್ಲಿ ಬಾಬ್ ಚಾಂಡ್ಲರ್ 1981ರಲ್ಲಿ ತನ್ನ ‘ಬಿಗ್‌ಫುಟ್’ ಟ್ರಕ್ಕನ್ನು ಹಳೇ ಕಾರುಗಳ ಮೇಲೆ ಹತ್ತಿಸಿದ. ದೈತ್ಯ ಟೈರಿನ ಟ್ರಕ್ಕುಗಳ ಹುಚ್ಚು ಹಬ್ಬಿತು. ಟಮಿಯಾ 1986ರಲ್ಲಿ ‘ಬ್ಲ್ಯಾಕ್‌ಫುಟ್’, 1987ರಲ್ಲಿ ಎರಡು ಮೋಟರಿನ ‘ಕ್ಲಾಡ್ ಬಸ್ಟರ್’ ಬಿಟ್ಟಿತು. ಟೈರು ದೊಡ್ಡದಾಯ್ತು. ಮುಂದೆ ಲಿಥಿಯಂ ಬ್ಯಾಟರಿ, ಬ್ರಷ್‌ಲೆಸ್ ಮೋಟರ್ ಬಂದು ಬಲವೂ ಏರಿತು.

ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. 1/10 ಅಳತೆಯ ಗಾಡಿಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ಹೆಕ್ಸ್ ಇರುತ್ತೆ. ನಡುವಿನಿಂದ ಅದರ ಅಂಚಿಗೆ 6 ಮಿ.ಮೀ. ಟೈರಿನ ಎತ್ತರ 120 ಮಿ.ಮೀ. ಅಂದುಕೊಂಡರೆ ನಡುವಿನಿಂದ ನೆಲಕ್ಕೆ 60 ಮಿ.ಮೀ. ಅಂದರೆ ನೆಲದಲ್ಲಿ ಬೀಳುವ ಬಲದ ಸುಮಾರು 10 ಪಟ್ಟು ಆ ಪ್ಲಾಸ್ಟಿಕ್ ತೂತಿನ ಮೇಲೆ! 17 ಮಿ.ಮೀ. ಹೆಕ್ಸ್ ಆದರೆ ಅದು ಸುಮಾರು 7 ಪಟ್ಟಿಗೆ ಇಳಿಯುತ್ತೆ, ಒತ್ತಡ ಹಂಚಿಕೊಳ್ಳೋಕೆ ಜಾಗವೂ ಜಾಸ್ತಿ. 1/8 ಅಳತೆಯ ಗಾಡಿಗಳು ಅದನ್ನು ಬಳಸೋದು ಸುಮ್ಮನೆ ಅಲ್ಲ.

ರಿಪೇರಿ ಹೇಗೆ? ಮೊದಲು ನಟ್ ನೋಡಿ. ಅದು ಬಿಗಿಯಾಗಿದ್ದರೆ ಚಕ್ರ, ಹೆಕ್ಸ್ ಅಂಟಿಕೊಂಡು ಒಟ್ಟಿಗೇ ತಿರುಗುತ್ತವೆ. ಸಡಿಲವಾದರೆ ಪ್ರತಿ ಸಲ ಥ್ರಾಟಲ್ ಒತ್ತಿದಾಗಲೂ ಸುತ್ತಿಗೆಯಲ್ಲಿ ಹೊಡೆದ ಹಾಗೆ, ಮೂಲೆಗಳು ಉಳಿಯೋದಿಲ್ಲ. ಆಕ್ಸಲ್‌ನಲ್ಲಿ ಅಡ್ಡಕ್ಕಿರುವ ಪಿನ್ ನೆಟ್ಟಗಿದೆಯಾ, ಹೆಕ್ಸ್ ಬಿರುಕು ಬಿಟ್ಟಿದೆಯಾ ನೋಡಿ. ಹೆಕ್ಸ್ ಮಾತ್ರ ಹೋಗಿದ್ದರೆ ಹೊಸದು ಹಾಕಿದರೆ ಮುಗೀತು. ಚಕ್ರದ ತೂತೇ ಹೋಗಿದ್ದರೆ ಅಂಟು ತುಂಬೋದು ನಾಲ್ಕು ದಿನದ ಮಾತು. ಚಕ್ರ ಬದಲಿಸಲೇಬೇಕು.

ತುಂಬಾ ಜನ ಸೀದಾ ಅಲ್ಯೂಮಿನಿಯಂ ಹೆಕ್ಸ್ ತಂದು ಹಾಕ್ತಾರೆ. ತಪ್ಪೇನಿಲ್ಲ, ಆದರೆ ಒಂದು ಯೋಚನೆ ಇರಲಿ. ಪಂಪ್‌ಸೆಟ್ಟಿನ ಫ್ಯೂಸ್ ಪದೇಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟಿದರೆ ಏನಾಗುತ್ತೆ? ಫ್ಯೂಸ್ ಉಳಿಯುತ್ತೆ, ಮೋಟರ್ ಸುಡುತ್ತೆ. ಇಲ್ಲೂ ಹಾಗೇ. ಹೆಕ್ಸ್ ಗಟ್ಟಿಯಾದರೆ ಪೆಟ್ಟು ಮುಂದಕ್ಕೆ ಹೋಗುತ್ತೆ: ಚಕ್ರಕ್ಕೆ, ಇಲ್ಲವೇ ಒಳಗಿನ ಶಾಫ್ಟ್, ಗೇರುಗಳಿಗೆ. ಎಲ್ಲೋ ಒಂದು ಕಡೆ ಮುರಿಯಲೇಬೇಕು ಅಂದರೆ, ಕಡಿಮೆ ದುಡ್ಡಿನ, ಸುಲಭಕ್ಕೆ ಬಿಚ್ಚಬಹುದಾದ ಭಾಗವೇ ಮುರಿಯಲಿ.

ನನಗೆ ಕಾಡೋದು ಇನ್ನೊಂದು ವಿಷಯ. ಗಾಡಿಯ ಗುಂಬ ಸವೆದರೆ ಆಚಾರಿ ಗುಂಬವನ್ನಷ್ಟೇ ನೋಡುತ್ತಿದ್ದರು, ಇಡೀ ಗಾಡಿ ಬಿಸಾಕಿ ಅನ್ನುತ್ತಿರಲಿಲ್ಲ. ಟಮಿಯಾ ಕಿಟ್‌ಗಳನ್ನು ನಾವೇ ಕೂತು ಜೋಡಿಸಬೇಕಿತ್ತು, ಹಾಗಾಗಿ ಬಿಚ್ಚೋದೂ ಗೊತ್ತಿರುತ್ತಿತ್ತು. ಈಗ ಅಂಗಡಿಗಳಲ್ಲಿ ಸಿಗುವ ಅಗ್ಗದ ಟ್ರಕ್ಕುಗಳಲ್ಲಿ ಎಷ್ಟಕ್ಕೋ ಬಿಡಿಭಾಗಗಳೇ ಸಿಗೋದಿಲ್ಲ. ಬೆರಳುಗುರಿನಷ್ಟು ಪ್ಲಾಸ್ಟಿಕ್ ಸವೆದಿದ್ದಕ್ಕೆ ಬ್ಯಾಟರಿ, ಮೋಟರ್ ಸಮೇತ ಇಡೀ ಗಾಡಿ ಕಸದ ಬುಟ್ಟಿಗೆ. ಮಕ್ಕಳಿಗೆ ಟ್ರಕ್ ಕೊಡಿಸುವಾಗ ಎಷ್ಟು ಸ್ಪೀಡ್ ಹೋಗುತ್ತೆ ಅಂತ ಕೇಳಿ, ಬೇಡ ಅನ್ನಲ್ಲ. ಜೊತೆಗೆ ‘ಇದರ ಹೆಕ್ಸ್ ಬಿಡಿಯಾಗಿ ಸಿಗುತ್ತಾ?’ ಅಂತಲೂ ಕೇಳಿಬಿಡಿ.